ಗೊಂಬೆಯ ಎದೆ ಏಳಲಿಲ್ಲ

ಚಿಕ್ಕಮಗಳೂರು, 9 ಜುಲೈ 2025, ಬುಧವಾರ

ಮಳೆ ಬಿಟ್ಟಿಲ್ಲ. ಒಳಗೆ ಹಗ್ಗಕ್ಕೆ ಹಾಕಿದ ಯೂನಿಫಾರ್ಮ್ ಮೂರು ದಿನವಾದರೂ ಹಸಿಹಸಿ.

ಹೋದ ವಾರ ಸ್ವಯಂ ಮೌಲ್ಯಮಾಪನದ ಫಾರಂ ಕೊಟ್ಟಿದ್ದರು. ‘ಹುಟ್ಟಿದ ಮಗುವಿಗೆ ಉಸಿರು ಕೊಡುವುದು’ ಅನ್ನೋ ಸಾಲಿಗೆ ಐದಕ್ಕೆ ಐದು ಹಾಕಿದ್ದೆ. ಹದಿನಾಲ್ಕು ವರ್ಷದಿಂದ ಹೆರಿಗೆ ವಾರ್ಡಲ್ಲಿದ್ದೀನಿ, ಯೋಚಿಸೋದೇನಿದೆ ಅಂತ.

ಇವತ್ತು ಗೊಂಬೆ ಇಟ್ಟು ಮಾಡಿ ತೋರಿಸಿ ಅಂದ್ರು. ಮೂಗುಬಾಯಿಗೆ ಮಾಸ್ಕ್ ಇಟ್ಟೆ, ಗಾಳಿ ಊದುವ ಬ್ಯಾಗ್ ಒತ್ತಿದೆ. ಗಲ್ಲದ ಹತ್ತಿರ ಪುಸ್ಸಂತ ಗಾಳಿ ಸೋರಿತು.

“ಎದೆ ನೋಡಿ ಸಿಸ್ಟರ್,” ಅಂದ್ರು ತರಬೇತಿಯವರು, ಮೆಲ್ಲಗೆ.

ಏಳ್ತಿರಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಕತ್ತನ್ನು ತೀರಾ ಹಿಂದಕ್ಕೆ ಬಾಗಿಸಿಬಿಟ್ಟಿದ್ದೆ. ಮೊದಲ 1 ನಿಮಿಷದೊಳಗೆ ಉಸಿರು ಕೊಡೋಕೆ ಶುರು ಮಾಡಬೇಕು, ನಿಮಿಷಕ್ಕೆ 40ರಿಂದ 60 ಸಲ. ನಿದ್ದೆಯಲ್ಲಿ ಕೇಳಿದರೂ ಹೇಳ್ತೀನಿ. ಆ ನಿಮಿಷ ಮಾಸ್ಕ್ ಸರಿಮಾಡೋದರಲ್ಲೇ ಹೋಯ್ತು.

ನನ್ನ ನಂತರದ ಹುಡುಗಿ ಕೆಲಸಕ್ಕೆ ಸೇರಿ ಎಂಟು ತಿಂಗಳು. ತನಗೆ ಮೂರೇ ಹಾಕಿಕೊಂಡಿದ್ದಳಂತೆ. ಎರಡು ಬೆರಳಲ್ಲಿ ಮಾಸ್ಕ್ ಅದುಮಿ, ಉಳಿದ ಬೆರಳಲ್ಲಿ ದವಡೆ ಎತ್ತಿ ಒತ್ತಿದಳು. ಎದೆ ಎದ್ದಿತು, ಇಳಿಯಿತು.

ಬಸ್ ಸ್ಟ್ಯಾಂಡಲ್ಲಿ ಕೊಡೆ ಮಡಚುತ್ತಾ ಹೇಳಿದಳು: “ನಂಗೆ ಭಯ ಇತ್ತಕ್ಕಾ. ದಿನಾ ಟೀ ಟೈಮಲ್ಲಿ ಗೊಂಬೆ ತಗೊಂಡು ಮಾಡ್ತಿದ್ದೆ.”

ನನಗೆ ಭಯ ಹೋಗಿ ಯಾವ ಕಾಲವಾಯ್ತೋ. ಹತ್ತರಲ್ಲಿ ಒಂಬತ್ತು ಮಕ್ಕಳು ಮೈ ಒರೆಸಿ ಬೆನ್ನು ನೀವುವಷ್ಟರಲ್ಲಿ ತಾವೇ ಅಳ್ತವೆ. ಆ ಅಳುವನ್ನೆಲ್ಲ ನನ್ನ ಕೈಗುಣ ಅಂತ ಬರೆದುಕೊಂಡುಬಿಟ್ಟೆನಾ? ಮಗುವಿನ ಬಣ್ಣ, ಎದೆಬಡಿತ, ಉಸಿರು ನೋಡಿ ಹತ್ತಕ್ಕೆ ಅಂಕ ಕೊಡುವ ಪದ್ಧತಿಯನ್ನು 1953ರಲ್ಲಿ ಪ್ರಕಟಿಸಿದ ವರ್ಜೀನಿಯಾ ಅಪ್ಗಾರ್, ಹೆರಿಗೆ ಮಾಡಿಸಿದವರೇ ಆ ಅಂಕ ಕೊಡೋದು ಬೇಡ ಅಂದಿದ್ದರು. ಓದುವಾಗ ಪರೀಕ್ಷೆಗೆ ಅಂತ ಉರುಹೊಡೆದಿದ್ದೆ. ಇವತ್ತು ಬಸ್ಸಲ್ಲಿ ನೆನಪಾಯ್ತು.

ಅತ್ತೆ ಅಕ್ಕಿರೊಟ್ಟಿ ಬಡಿದಿಟ್ಟಿದ್ದರು. ಒಂದೇ ತಿಂದೆ. “ಹುಷಾರಿಲ್ವೇನೇ?” ಅಂದ್ರು. ಸುಸ್ತು ಅಂದೆ.

ಹೋದ ಮಳೆಗಾಲದ ಆ ರಾತ್ರಿಯೇ ತಲೆಯಲ್ಲಿದೆ. ತೋಟದ ಲೈನ್ ಮನೆಯಿಂದ ಬಂದವಳು, ಚೊಚ್ಚಲು. ಮಗು ಸೀದಾ ನೀಲಿ. ಡಾಕ್ಟರು ಮೆಟ್ಟಿಲು ಹತ್ತಿ ಬರೋ ಹೊತ್ತಿಗೆ ಅತ್ತಿತ್ತು. ಎಲ್ಲರೂ ನನ್ನನ್ನೇ ಹೊಗಳಿದರು. ಬ್ಯಾಗ್ ಒತ್ತಿದ್ದು ನಾನೇ, ನಿಜ. ಆದರೆ ಆಗ ಎದೆ ಎದ್ದಿತ್ತಾ, ನಾನು ನೋಡಿದ್ದೆನಾ ಅಂತ