ಉಣುಗಿನ ಎಣ್ಣೆ, ಮಾತಾಡುವ ಫೋನು

ಡಿಸೆಂಬರ್ ಬಂತು ಅಂದರೆ ನಮ್ಮೂರಿನ ಮನೆಗಳಿಗೆ ಆಶಾ ಕಾರ್ಯಕರ್ತೆಯರು ಸಣ್ಣ ಬಾಟಲಿಯಲ್ಲಿ ಎಣ್ಣೆ ಹಿಡಿದು ಬರುತ್ತಾರೆ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ, ಎಲ್ಲಾದರೂ ಮಂಗ ಸತ್ತು ಬಿದ್ದಿದ್ದು ಕಂಡರೆ ಫೋನ್ ಮಾಡಿ. ಇಷ್ಟು ಹೇಳಿ ಮುಂದಿನ ಮನೆಗೆ ನಡೆಯುತ್ತಾರೆ. ತೀರ್ಥಹಳ್ಳಿ, ಸಾಗರ, ಸೊರಬ, ಹೊಸನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ: ಆ ಎಣ್ಣೆ ಮಂಗನ ಕಾಯಿಲೆ ಹರಡುವ ಉಣುಗು, ಅಂದರೆ ರಕ್ತ ಹೀರುವ ಸಣ್ಣ ಹುಳ, ಮೈಗೆ ಹತ್ತದಿರಲಿ ಅಂತ. ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಅಂತಾರಲ್ಲ, ಅದೇ ಕಾಯಿಲೆ.

ಕಳೆದ ಸಲ ಅವರು ಎಣ್ಣೆ ಕೊಟ್ಟು ಹೋದಾಗ ಅಮ್ಮ ಜಗಲಿಯಲ್ಲಿ ಕೂತು ಫೋನಿನ ಜೊತೆ ಮಾತಾಡುತ್ತಿದ್ದರು. ಫೋನಿನಲ್ಲಿ ಯಾರ ಜೊತೆಗೋ ಅಲ್ಲ, ಫೋನಿನ ಜೊತೆಗೇ. ಅಡಿಕೆಗೆ ಎಲೆಚುಕ್ಕೆ ಬಂದಿದೆ, ಏನು ಹೊಡೆಯಬೇಕು ಅಂತ ಕನ್ನಡದಲ್ಲಿ ಕೇಳಿದರು, ಅದೂ ಕನ್ನಡದಲ್ಲೇ ಉತ್ತರ ಹೇಳಿತು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷಿನ ಮುಂದೆ ಯಾವತ್ತೂ ಸುಮ್ಮನಾಗಿಬಿಡುತ್ತಿದ್ದ ಅವರು ಯಂತ್ರಕ್ಕೆ ಮರುಪ್ರಶ್ನೆ ಹಾಕುವುದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಗಿತ್ತು. ಆಮೇಲೆ ಎಣ್ಣೆ ಬಾಟಲಿ ಎತ್ತಿಕೊಂಡು ನನ್ನ ಕಡೆ ತಿರುಗಿದರು. "ಇಷ್ಟೆಲ್ಲ ಬಂತಲ್ಲ ಮಾರಾಯ, ಮಂಗನ ಕಾಯಿಲೆಗೆ ಒಂದು ಸರಿಯಾದ ಇಂಜೆಕ್ಷನ್ ಯಾಕೆ ಬರ್ಲಿಲ್ಲ?"

ಅವತ್ತಿಂದ ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ವಿಜ್ಞಾನ ಮನುಷ್ಯರನ್ನು ಮುಂದೆ ಎಲ್ಲಿಗೆ ಒಯ್ಯುತ್ತದೆ ಅಂತ ಮಾತು ಎದ್ದಾಗಲೆಲ್ಲ ನಾವು ಏನೇನು ಸಾಧ್ಯ ಅಂತ ಲೆಕ್ಕ ಹಾಕುತ್ತೇವೆ. ಮಂಗಳ ಗ್ರಹಕ್ಕೆ ಹೋಗಬಹುದು, ನೂರೈವತ್ತು ವರ್ಷ ಬದುಕಬಹುದು ಅಂತೆಲ್ಲ. ಸಾಧ್ಯವಾಗುವುದು ಬಹಳ ಇದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಸಾಧ್ಯವಾದದ್ದರಲ್ಲಿ ಯಾವುದನ್ನು ಮೊದಲು ಮಾಡುತ್ತೇವೆ, ಯಾರ ಕಷ್ಟಕ್ಕೆ ಮೊದಲು ಕೈ ಹಾಕುತ್ತೇವೆ? ಮುಂದಿನ ಕಾಲ ಹೇಗಿರುತ್ತದೆ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ ಅಂತ ನನಗೆ ಅನ್ನಿಸುತ್ತಿದೆ.

ಮಂಗನ ಕಾಯಿಲೆಯ ಕಥೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಊರಿನವರು ಜ್ವರದಿಂದ ಮಲಗಿದರು. ಹಳದಿ ಜ್ವರ ನಮ್ಮ ದೇಶಕ್ಕೂ ಬಂತೇನೋ ಅಂತ ಮೊದಲು ಹೆದರಿದ್ದರು, ಯಾಕೆಂದರೆ ಅದರಲ್ಲೂ ಮಂಗಗಳು ಸಾಯುತ್ತವೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರ ಶುರುವಾಗಿ ಆಗ ಐದು ವರ್ಷ ಅಷ್ಟೇ. ಅಲ್ಲಿನ ವಿಜ್ಞಾನಿಗಳು ಬಂದು ಕಾಡು ಸುತ್ತಿ, ಸತ್ತ ಮಂಗಗಳನ್ನು ಪರೀಕ್ಷೆ ಮಾಡಿ, ಇದು ಹೊಸ ವೈರಸ್ಸು, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿನ ನೆಂಟ, ಇಲ್ಲಿ ಇದನ್ನು ಹರಡುವುದು ನಮ್ಮ ಕಾಡಿನ ಉಣುಗು ಅಂತ ಪತ್ತೆ ಮಾಡಿದರು. ಡಿಎನ್‌ಎ ರಚನೆ ಗೊತ್ತಾಗಿದ್ದೇ 1953ರಲ್ಲಿ. ಆಗಿನ ಉಪಕರಣ, ಆಗಿನ ರಸ್ತೆ, ಆಗಿನ ಮಲೆನಾಡು ನೆನೆಸಿಕೊಂಡರೆ ಎಂಥ ಕೆಲಸ ಅದು! ನಮ್ಮ ಜಿಲ್ಲೆಯ ಒಂದು ಹಳ್ಳಿಯ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಸೇರಿತು.

ಆದರೆ ಆಮೇಲೆ ಆ ವೇಗ ಉಳಿಯಲಿಲ್ಲ. ವೈರಸ್ಸನ್ನು ಫಾರ್ಮಲಿನ್ ಹಾಕಿ ಸಾಯಿಸಿ ತಯಾರಿಸಿದ ಲಸಿಕೆಯನ್ನು ಬಹಳ ವರ್ಷ ಕೊಟ್ಟರು. ಎರಡು ಡೋಸು, ಮೇಲೆ ಬೂಸ್ಟರು, ಮತ್ತೆ ಮತ್ತೆ ಬೂಸ್ಟರು. ಚುಚ್ಚಿದ ಕಡೆ ನೋವು ಅಂತ ಜನ ಎರಡನೇ ಸಲ ಬರುತ್ತಿರಲಿಲ್ಲ, ಹಾಕಿಸಿಕೊಂಡವರಿಗೂ ಪೂರ್ತಿ ರಕ್ಷಣೆ ಸಿಗುತ್ತಿರಲಿಲ್ಲ. ಪ್ರಯೋಜನ ಸಾಲದು ಅಂತ 2022ರಲ್ಲಿ ಅದನ್ನೂ ನಿಲ್ಲಿಸಿದರು. ಅದಕ್ಕೂ ಮುಂಚೆ, 2018-19ರಲ್ಲಿ, ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಈ ಕಾಯಿಲೆ ಎಷ್ಟು ಮನೆಗಳನ್ನು ಅಲ್ಲಾಡಿಸಿತು ಅಂತ ಆ ಭಾಗದವರನ್ನೇ ಕೇಳಬೇಕು. ಈಗ ಅದು ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದ ತನಕ ಹೋಗಿದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸ ಲಸಿಕೆಗೆ ಕೆಲಸ ನಡೆಸಿವೆ. ಅದು ಬೇಗ ಬರಲಿ.

ಇದರ ಪಕ್ಕದಲ್ಲಿ ಕೊರೊನಾ ಇಟ್ಟು ನೋಡಿ. ಆ ವೈರಸ್ಸಿನ ಜೀನುಗಳ ಅಕ್ಷರಮಾಲೆ ಎಲ್ಲರ ಕೈಗೆ ಸಿಕ್ಕಿದ್ದು 2020ರ ಜನವರಿಯಲ್ಲಿ. ಅದೇ ವರ್ಷ ಡಿಸೆಂಬರ್ 8ಕ್ಕೆ ಇಂಗ್ಲೆಂಡಿನಲ್ಲಿ ಜನರಿಗೆ, ವೈರಸ್ಸಿನ ಒಂದು ತುಣುಕನ್ನು ಮೈಯೇ ಮಾಡಿಕೊಳ್ಳುವಂತೆ ಜೀನಿನ ಅಕ್ಷರಗಳಲ್ಲಿ ಸೂಚನೆ ಕೊಡುವ ಎಂಆರ್‌ಎನ್‌ಎ ಲಸಿಕೆ ಹಾಕುತ್ತಿದ್ದರು. ಹನ್ನೊಂದು ತಿಂಗಳೂ ತುಂಬಿರಲಿಲ್ಲ. ನಮ್ಮ ಕ್ಯಾಸನೂರಿಗೆ ಅರವತ್ತು ವರ್ಷ ದಾಟಿದೆ.

ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಹನ್ನೊಂದು ತಿಂಗಳ ಹಿಂದೆ ದಶಕಗಳ ದುಡಿಮೆ ಇತ್ತು. ಕ್ಯಾಟಲಿನ್ ಕಾರಿಕೊ ಎಂಬ ವಿಜ್ಞಾನಿ ಎಂಆರ್‌ಎನ್‌ಎ ಹಿಡಿದು ವರ್ಷಗಟ್ಟಲೆ ಹಣಕ್ಕಾಗಿ ಅರ್ಜಿ ಹಾಕಿ ಹಾಕಿ ತಿರಸ್ಕಾರ ಉಂಡವರು, ಡ್ರೂ ವೈಸ್‌ಮನ್ ಜೊತೆ ಅವರು ಬರೆದ ಮುಖ್ಯ ಪ್ರಬಂಧ ಬಂದಿದ್ದು 2005ರಲ್ಲಿ, ಇಬ್ಬರಿಗೂ ನೊಬೆಲ್ ಬಂದಿದ್ದು 2023ರಲ್ಲಿ. ಆ ವಿದ್ಯೆಯಲ್ಲಿ ನನಗೆ ತುಂಬ ಹಿಡಿಸಿದ್ದು ಏನೆಂದರೆ, ಒಂದು ವೈರಸ್ಸಿಗೆ ಕಟ್ಟಿದ ತಯಾರಿಕೆಯ ದಾರಿಯಲ್ಲೇ ಅಕ್ಷರ ಬದಲಾಯಿಸಿ ಇನ್ನೊಂದಕ್ಕೂ ಪ್ರಯತ್ನಿಸಬಹುದು. ಅಂದರೆ ಸಣ್ಣ ಕಾಯಿಲೆಗೂ ಮೊದಲಿನಷ್ಟು ಖರ್ಚು ಬೀಳದ ಕಾಲ ಬರಬಹುದು. ಸಣ್ಣ ಅಂದರೆ ಯಾರಿಗೆ ಸಣ್ಣದು ಅನ್ನುವುದು ಬೇರೆ ಮಾತು. ಮಂಗನ ಕಾಯಿಲೆ ವರ್ಷಕ್ಕೆ ಕೆಲವು ನೂರು ಜನರಿಗೆ ಬರುತ್ತದೆ. ಬರುವುದು ಸೌದೆಗೆ ಹೋದವರಿಗೆ, ಕೊಟ್ಟಿಗೆಗೆ ಹಾಸಲು ದರಗು (ಒಣ ಎಲೆ) ಗುಡಿಸಲು ಹೋದವರಿಗೆ, ತೋಟದ ಕೂಲಿಯವರಿಗೆ. ಅವರಿಗಾಗಿ ಲಸಿಕೆ ಮಾಡಿದರೆ ಯಾರಿಗೂ ದೊಡ್ಡ ಲಾಭ ಇಲ್ಲ. ಅದಕ್ಕೇ ಇಂಥ ಕೆಲಸಕ್ಕೆ ಸರ್ಕಾರದ ಹಣ ಬೇಕೇ ಬೇಕು, ಪ್ರತಿ ವರ್ಷ ತಪ್ಪದೆ ಬೇಕು. ಜನ ಸತ್ತ ವರ್ಷ ಮಾತ್ರ ನೆನಪಾದರೆ ಸಾಲದು.

ಶರಾವತಿ ಹಿನ್ನೀರಿನ ಆಚೆಗಿರುವ ತುಮರಿ ಕಡೆಯ ನೆಂಟರು ಹೋದ ವರ್ಷ ಹೊಸ ಸೇತುವೆ ಮೇಲೆ ಬಂದಾಗಲೂ ಇದೇ ನೆನಪಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದರು. ಶರಾವತಿಯಿಂದ 1035 ಮೆಗಾವಾಟ್ ವಿದ್ಯುತ್ ಮಾಡುವ ಯಂತ್ರಗಳು ಬಂದವು, ನಾಡಿನ ಊರೂರಿಗೆ ದೀಪ ಹತ್ತಿತು. ಹಿನ್ನೀರಿನ ಆಚೆ ಉಳಿದವರು ಮಾತ್ರ ಹೆರಿಗೆಗೂ ಹಾವು ಕಚ್ಚಿದರೂ ಲಾಂಚಿಗೆ ಕಾಯಬೇಕಾಯಿತು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಓಡಾಟಕ್ಕೆ ತೆರೆದದ್ದು 2025ರ ಜುಲೈಯಲ್ಲಿ. ಕೇಬಲ್ಲಿನಿಂದ ಎತ್ತಿ ಹಿಡಿದ ಸೇತುವೆ, ನೋಡಲು ಬಹಳ ಚಂದ ಇದೆ. ಆದರೆ ಆ ತಂತ್ರಜ್ಞಾನ ಹೊಸದಲ್ಲ, ಕೋಲ್ಕತ್ತಾದ ವಿದ್ಯಾಸಾಗರ ಸೇತು ಹಾಗೆಯೇ ನಿಂತಿದೆ, ಅದು 1992ರದ್ದು. ತುಮರಿಯವರು ಕಾದದ್ದು ತಂತ್ರಜ್ಞಾನಕ್ಕಲ್ಲ.

ಬೇಗ ಬಂದು ತಲುಪಿದ್ದೂ ಇದೆ, ಅದನ್ನೂ ಹೇಳಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆಯಲ್ಲಿ ಜಾರುವ ಅಡಿಕೆ ಮರ ಹತ್ತಬೇಕಿತ್ತು. ನಮ್ಮ ತೋಟಕ್ಕೆ ಅಡಿಕೆ ಗೊನೆ ಕೊಯ್ಯಲು ಬರುತ್ತಿದ್ದ ಕೊನೆಗಾರರೊಬ್ಬರು ಬಿದ್ದು ಸೊಂಟ ಮುರಿದುಕೊಂಡಿದ್ದನ್ನು ಚಿಕ್ಕವನಿದ್ದಾಗ ಕಣ್ಣಾರೆ ನೋಡಿದ್ದೇನೆ. ಈಗ ವಿಮಾನಕ್ಕೆ ಬಳಸುವ ಕಾರ್ಬನ್ ಫೈಬರಿನ ದೋಟಿ (ಉದ್ದನೆಯ ಕೋಲು) ಹಿಡಿದು ನೆಲದ ಮೇಲೆ ನಿಂತೇ ಹೊಡೆಯುತ್ತಾರೆ, ಗೊನೆಯನ್ನೂ ಕೊಯ್ಯುತ್ತಾರೆ. ನನ್ನ ಮಟ್ಟಿಗೆ ಮಲೆನಾಡಿನಲ್ಲಿ ಈಚೆಗೆ ಆದ ದೊಡ್ಡ ಆವಿಷ್ಕಾರ ಇದೇ.

ಫೆಬ್ರವರಿಯಲ್ಲಿ ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ಫೋಟೋ ತೆಗೆದೆ, ಕಳಿಸಲು ಸಿಗ್ನಲ್ ಇಲ್ಲ. ಮೇಲಿನ ಗುಡ್ಡದ ಬಂಡೆ ಹತ್ತಿ ಕೈ ಎತ್ತಿ ನಿಂತರೂ ಹೋಗಲಿಲ್ಲ, ಸಂಜೆ ಪೇಟೆಗೆ ಬಂದ ಮೇಲೆ ಹೋಯಿತು. ಮಾರನೇ ದಿನ ಆರೋಗ್ಯ ಇಲಾಖೆಯವರು ಬಂದರು, ಆದರೆ ಜಾಗ ತೋರಿಸಲು ನಾನೇ ಜೊತೆಗೆ ಹೋಗಬೇಕಾಯಿತು. ಮಂಗವನ್ನು ಸುಟ್ಟು, ಸುತ್ತ ಉಣುಗು ಸಾಯಲಿ ಅಂತ ಮೆಲಾಥಿಯಾನ್ ಕೀಟನಾಶಕದ ಪುಡಿ ಚೆಲ್ಲಿ ಹೋದರು. ಇದರಲ್ಲಿ ತಡ ಆಗಬಾರದು. ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣುಗು ನೆಲಕ್ಕೆ ಇಳಿಯುತ್ತವೆ, ಆ ದಾರಿಯಲ್ಲಿ ಹೋದವರಿಗೆ ಹತ್ತುತ್ತವೆ.

ಅಣ್ಣನ ಮಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾನೆ. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದ. ಅವನಿಗೆ ಈ ಕಥೆ ಹೇಳಿದೆ. "ಚಿಕ್ಕಪ್ಪ, ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಇರುತ್ತೆ, ಅದು ನೇರ ಉಪಗ್ರಹದಿಂದ ಬರೋದು" ಅಂದ. ಫೋಟೋವನ್ನೂ ಜಾಗವನ್ನೂ ಫೋನಿನಲ್ಲೇ ಇಟ್ಟುಕೊಂಡು, ಸಿಗ್ನಲ್ ಸಿಕ್ಕ ಕೂಡಲೇ ತಾನಾಗಿ ಆಸ್ಪತ್ರೆಗೆ ಕಳಿಸುವ ಒಂದು ಆಪ್ ಮಾಡುತ್ತಾನಂತೆ. ಟೈಪ್ ಮಾಡುವಂತಿರಬಾರದು, ಕನ್ನಡದಲ್ಲಿ ಮಾತಾಡಿದರೆ ಸಾಕಾಗಬೇಕು ಅಂತ ಅಮ್ಮ ಷರತ್ತು ಹಾಕಿದ್ದಾರೆ.

ಹೋದ ಭಾನುವಾರ ಬಂದಿದ್ದ. ಅಮ್ಮ ಅವನನ್ನು ನಿಲ್ಲಿಸಿಕೊಂಡು ಮೊಣಕಾಲಿನ ತನಕ ಎಣ್ಣೆ ಹಚ್ಚಿಸಿದರು, ತಾವೂ ಹಚ್ಚಿಕೊಂಡರು, ಆಮೇಲೆ ಮಂಗ ಬಿದ್ದಿದ್ದ ಜಾಗ ತೋರಿಸಲು ಮುಂದೆ ನಡೆದರು. ಅವನು ಹತ್ತು ಹೆಜ್ಜೆಗೊಮ್ಮೆ ನಿಂತು, ಎಲ್ಲಿಯ ತನಕ ಸಿಗ್ನಲ್ ಇದೆ ಅಂತ ಬರೆದುಕೊಳ್ಳುತ್ತಿದ್ದ.