ಜಾಗ ಬದಲಿಸಿದ ಕಲೆ, ಬದಲಿಸದ ಕಲೆ

ಕಳೆದ ಮಳೆಗಾಲದಲ್ಲಿ ಬಾಣಸಿಗರೊಬ್ಬರಿಗಾಗಿ ಮಾಡಿದ ಕತ್ತಿಯನ್ನು ಆಸಿಡ್ಡಿನಿಂದ ಮೂರು ಬಾರಿ ಎತ್ತಿದೆ. ಮೂರು ಬಾರಿಯೂ ಅದರ ಮೈಮೇಲೆ ಕಲೆ ಇತ್ತು.

1084 ಎಂಬ ಇಂಗಾಲದ ಉಕ್ಕನ್ನೂ ಸುಮಾರು 2% ನಿಕ್ಕಲ್ ಇರುವ 15ಎನ್20 ಉಕ್ಕನ್ನೂ ಪದರು ಪದರಾಗಿ ಕುಲುಮೆಯಲ್ಲಿ ಬೆಸೆದು ಬಡಿದ ಅಲಗು ಅದು. ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದರೆ 1084 ಕಪ್ಪಾಗುತ್ತದೆ. ನಿಕ್ಕಲ್ ಪದರು ಅಷ್ಟು ಸುಲಭಕ್ಕೆ ಬಗ್ಗದೆ ಬೆಳ್ಳಗೆ ಉಳಿಯುತ್ತದೆ. ಎರಡರ ನಡುವೆ ನೀರಿನ ಅಲೆಯಂಥ ಚಿತ್ತಾರ ಏಳಬೇಕು. ಎದ್ದಿತ್ತು ಕೂಡ, ಆದರೆ ಬೆನ್ನಿನ ಬಳಿ ಹೆಬ್ಬೆಟ್ಟಿನಷ್ಟು ಅಗಲದ ಮಚ್ಚೆ, ನಡುವೆ ಎರಡು ಬಿಳಿ ಗೆರೆ, ಹಿಡಿಗೆ ಹತ್ತಿರದ ಹಿಮ್ಮಡಿಯ ಮೂಲೆಯಲ್ಲಿ ಮಂಜು ಕವಿದಂತೆ ಮಾಸಲು.

ನಾನು ದ್ರಾವಣವನ್ನೇ ದೂರಿದೆ. ಹಿಂದೊಮ್ಮೆ ಅದರಿಂದ ಪೆಟ್ಟು ತಿಂದಿದ್ದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸರ್ಕ್ಯೂಟ್ ಬೋರ್ಡ್ ಕೊರೆಯಲೆಂದು ಮಾರುವುದೂ ಇದೇ ಫೆರಿಕ್ ಕ್ಲೋರೈಡ್. ಬೋರ್ಡ್ ಮಾಡುವ ಗೆಳೆಯನೊಬ್ಬ ತಾನು ಬಳಸಿ ಉಳಿದದ್ದನ್ನು ಪುಕ್ಕಟೆಯಾಗಿ ಕೊಟ್ಟಿದ್ದ. ಅದರಲ್ಲಿ ಕರಗಿದ್ದ ತಾಮ್ರವೆಲ್ಲ ಉಕ್ಕಿಗೆ ಹತ್ತಿ ಅಲಗು ಪೂಜೆಯ ಚೊಂಬಿನ ಬಣ್ಣಕ್ಕೆ ತಿರುಗಿತ್ತು. ಈ ಸಲ ಹಾಗಾಗದಿರಲೆಂದು ಹೊಸ ಬಾಟಲಿ ಒಡೆದೆ. ಒಂದು ಪಾಲಿಗೆ ನಾಲ್ಕು ಪಾಲು ಬಟ್ಟಿ ಇಳಿಸಿದ ನೀರು. ಅಲಗನ್ನು 600ರ ನಯವಾದ ಎಮರಿ ಕಾಗದದವರೆಗೆ ಉಜ್ಜಿ ಮತ್ತೆ ಅದ್ದಿದೆ.

ಹೆಬ್ಬೆಟ್ಟಿನ ಮಚ್ಚೆ ಮಾಯವಾಗಿ ಮೊನೆಯ ಬಳಿ ಇನ್ನೊಂದು ಹುಟ್ಟಿತು. ಬಿಳಿ ಗೆರೆಗಳೂ ಬೇರೆಡೆಗೆ ಸರಿದವು. ಹಿಮ್ಮಡಿಯ ಮಾಸಲು ಮಾತ್ರ ಇದ್ದಲ್ಲೇ ಇತ್ತು. ಆಗಲೂ ನನಗೆ ಬುದ್ಧಿ ಬರಲಿಲ್ಲ. ದ್ರಾವಣ ಬಿಸಿ ಮಾಡಿ ಮೂರನೆಯ ಸಲ ಅದ್ದಿದೆ. ಮಾಸಲು ಮತ್ತೆ ಅಲ್ಲೇ, ಅದೇ ಅಂಚಿನೊಂದಿಗೆ.

ಅಂದಿನಿಂದ ಕೆಟ್ಟ ಅಲಗನ್ನು ಉಜ್ಜುವ ಮೊದಲು ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯುತ್ತೇನೆ. ಉಜ್ಜಿ ಮತ್ತೆ ಅದ್ದಿದಾಗ ಕಲೆ ಜಾಗ ಬದಲಿಸಿದರೆ ತಪ್ಪು ಹೆಚ್ಚಾಗಿ ನನ್ನ ಕೈಯದು: ಜಿಡ್ಡು, ಸಾಬೂನು, ಅಂಟಿಕೊಂಡ ಗುಳ್ಳೆ, ಕೊಳವೆ ಬಾವಿಯ ಗಡಸು ನೀರು. ಅದೇ ಜಾಗದಲ್ಲಿ ಮರಳಿದರೆ ಅದು ಉಕ್ಕಿನೊಳಗಿನದು, ಅಥವಾ ನಾನು ಅಳಿಸದೆ ಬಿಟ್ಟ, ಉಜ್ಜುವ ಯಂತ್ರದ ಒರಟು ಬೆಲ್ಟಿನ ಗೀರು. ಗೀರಾದರೆ ನೇರವಾಗಿರುತ್ತದೆ, ಗುರುತಿಸುವುದು ಸುಲಭ. ಪ್ರತಿ ಕಾಗದಕ್ಕೂ ಉಜ್ಜುವ ದಿಕ್ಕು ಬದಲಿಸಿದರೆ ಹಿಂದಿನದು ಉಳಿದದ್ದು ಕಂಡೇ ಕಾಣುತ್ತದೆ.

ಜಿಡ್ಡಿಗೆ ನನ್ನದು ಸರಳ ಪರೀಕ್ಷೆ. ಅಲಗನ್ನು ತೊಳೆದು ನಲ್ಲಿಯ ಕೆಳಗೆ ಓರೆಯಾಗಿ ಹಿಡಿಯಬೇಕು. ನೀರು ಒಂದೇ ಹಾಳೆಯಾಗಿ ಇಳಿದರೆ ಸರಿ. ಎಲ್ಲಾದರೂ ಕೆಸುವಿನ ಎಲೆಯ ಮೇಲಿನಂತೆ ಹನಿಗಟ್ಟಿ ಹಿಂದೆ ಸರಿದರೆ ಅಲ್ಲಿ ಬೆರಳು ತಾಗಿದೆ ಎಂದರ್ಥ. ಕೊನೆಯ ಸಲ ಜಾಲಾಡಲು ಬಟ್ಟಿ ಇಳಿಸಿದ ನೀರೇ ಬೇಕು. ಜಿಡ್ಡು ಕರಗಿಸುವ ಅಸಿಟೋನ್ ಹಾಕಿ ಒರೆಸುವ ಬಟ್ಟೆಯೂ ಪ್ರತಿ ಸಲ ಹೊಸದಿರಬೇಕು. ನಾನು ಹಳೆಯ ಬನಿಯನ್ನಿನಿಂದ ಒರೆಸಿ ಜಿಡ್ಡನ್ನು ಊರೆಲ್ಲ ಹಂಚುತ್ತಿದ್ದೆ.

ಇನ್ನು ಆ ಮಾಸಲು. ಕತ್ತಿ ಕೆಲಸಕ್ಕೆ ಇಳಿಯುವ ಮುನ್ನ ಗೇರ್ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದೆ. ಅಲ್ಲಿ ಗೇರನ್ನು ನೈಟಾಲಿನಲ್ಲಿ (ಆಲ್ಕೊಹಾಲಿನಲ್ಲಿ ಬೆರೆಸಿದ ನೈಟ್ರಿಕ್ ಆಸಿಡ್) ಅದ್ದಿ ಗ್ರೈಂಡಿಂಗ್ ಶಾಖಕ್ಕೆ ಸುಟ್ಟ ಜಾಗ ಹುಡುಕುತ್ತಿದ್ದೆವು: ಹದ (ಕಾಯಿಸಿ ತಣಿಸಿ ತಂದ ಗಡಸುತನ) ಇಳಿದ ಜಾಗ ಕಪ್ಪಾಗಿ ಕಾಣುತ್ತದೆ, ಶಾಖ ಮಿತಿಮೀರಿ ಮತ್ತೆ ಗಡಸಾದ ಜಾಗ ಬೆಳ್ಳಗೆ, ಸುತ್ತ ಕಪ್ಪು ಉಂಗುರದೊಂದಿಗೆ. ನನ್ನ ಅಲಗಿನ ಕಲೆ ಬೆಳ್ಳಗಿತ್ತು, ಉಂಗುರ ಇರಲಿಲ್ಲ. ಅಂದರೆ ಸುಟ್ಟದ್ದಲ್ಲ. ಸಣ್ಣ ಅರ ತೆಗೆದುಕೊಂಡು ಎಳೆದೆ. ಅಲಗಿನ ನಡುವೆ ಅದು ಗಾಜಿನ ಮೇಲೆಂಬಂತೆ ಕೀಚಲು ದನಿಯಲ್ಲಿ ಜಾರಿತು. ಹಿಮ್ಮಡಿಗೆ ಬರುತ್ತಿದ್ದಂತೆ ದನಿ ತಗ್ಗಿತು, ಹಲ್ಲು ಕಚ್ಚಿತು, ಬಿಳಿ ಪುಡಿ ಬಿತ್ತು. ಮೇಲ್ಪದರು ಮೆತ್ತಗಿತ್ತು.

ಕುಲುಮೆಯಲ್ಲಿ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಾಳಿಯ ಆಮ್ಲಜನಕ ಉಕ್ಕಿನ ಮೈಯಿಂದ ಇಂಗಾಲವನ್ನು ಕಸಿದುಕೊಳ್ಳುತ್ತದೆ. ಇಂಗಾಲ ಹೋದ ತೊಗಟೆ ಗಡಸೂ ಆಗುವುದಿಲ್ಲ, ಕಪ್ಪೂ ಆಗುವುದಿಲ್ಲ. ಹದ ಹಾಕಿದ ನಂತರ ಅದನ್ನು ಉಜ್ಜಿ ತೆಗೆಯಬೇಕು. ಅದಕ್ಕೆಂದೇ ಲೋಹ ಉಳಿಸಿಕೊಂಡಿರಬೇಕು. ಗಡಸು ಉಕ್ಕನ್ನು ಉಜ್ಜುವ ಸೋಮಾರಿತನಕ್ಕೆ ನಾನು ಹದಕ್ಕೆ ಮೊದಲೇ ಅಲಗನ್ನು ಹೆಚ್ಚುಕಡಿಮೆ ಕೊನೆಯ ದಪ್ಪಕ್ಕೆ ಇಳಿಸಿದ್ದೆ. ಬೇರೆಡೆ ತೊಗಟೆ ಹೇಗೋ ಹೋಗಿತ್ತು. ಬೆಲ್ಟ್ ಸರಿಯಾಗಿ ತಾಗದ ಹಿಮ್ಮಡಿಯಲ್ಲಿ ಉಳಿದಿತ್ತು. ಅದಕ್ಕೆ ಯಾವ ದ್ರಾವಣ ತಾನೇ ಏನು ಮಾಡೀತು?

ಎರಡೂ ಬದಿಯಲ್ಲಿ 0.2 ಮಿಲಿಮೀಟರಿನಷ್ಟು ತೆಗೆದು, 220ರ ಒರಟು ಕಾಗದದಿಂದ ಶುರುಮಾಡಿ ಮತ್ತೆ ನಯವಾದದ್ದಕ್ಕೆ ಬಂದು, ಹತ್ತು ಹತ್ತು ನಿಮಿಷ ಮೂರು ಸಲ ಅದ್ದಿ, ನಡುನಡುವೆ ಕಪ್ಪು ಮಸಿ ಒರೆಸಿದೆ. ಕೊನೆಗೆ ಅಡುಗೆ ಸೋಡಾ ನೀರು. ಚಿತ್ತಾರ ಹಿಮ್ಮಡಿಯ ತುದಿಯವರೆಗೂ ಹರಿಯಿತು.

ಕತ್ತಿ 11 ದಿನ ತಡವಾಗಿ ತಲುಪಿತು. ಒಪ್ಪಿಕೊಂಡದ್ದಕ್ಕಿಂತ ತೆಳ್ಳಗಾಗಿದೆ ಎಂದು ಮೊದಲೇ ಹೇಳಿ ಸ್ವಲ್ಪ ಹಣ ಬಿಟ್ಟೆ. ಈರುಳ್ಳಿಗೆ ಇದೇ ಚೆನ್ನ, ಮುಂದಿನದೂ ಇಷ್ಟೇ ತೆಳ್ಳಗಿರಲಿ ಎಂದರು ಅವರು.