ಸೋಪು ಯಾವ ಕಡೆಗೆ ಮಲಗುತ್ತದೆ?

ನಿನ್ನೆ ರಾತ್ರಿ ನನ್ನ ಸಿಮ್ಯುಲೇಷನ್ ಮುಗಿಯಿತು. ಅಣುಗಳು ಹೇಗೆ ಓಡಾಡುತ್ತವೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು. ಒಟ್ಟು 100 ನ್ಯಾನೊಸೆಕೆಂಡ್. ಒಂದು ಸೆಕೆಂಡನ್ನು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಅಷ್ಟೇ. ಅದಕ್ಕೆ ಕಂಪ್ಯೂಟರ್ 5 ಕೋಟಿ ಹೆಜ್ಜೆ ಇಟ್ಟಿದೆ, ಹೆಜ್ಜೆಗೆ 2 ಫೆಮ್ಟೊಸೆಕೆಂಡ್. ನಾನು 9 ದಿನ ಕಾದೆ.

ಕಂಪ್ಯೂಟರಿನೊಳಗಿನ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ಕಾರ್ಬನ್ ನ್ಯಾನೊಟ್ಯೂಬ್ (ಕಾರ್ಬನ್ ಪರಮಾಣುಗಳ ಅತಿ ಸಣ್ಣ ಕೊಳವೆ), ನೀರು ಮತ್ತು ಎಸ್‌ಡಿಎಸ್. ಶಾಂಪೂ, ಟೂತ್‌ಪೇಸ್ಟ್‌ಗಳಲ್ಲಿ ನೊರೆ ಬರಿಸುವ ಸೋಪು ಇರುತ್ತದಲ್ವಾ, ಅದೇ ಎಸ್‌ಡಿಎಸ್. ಅದರ ತಲೆಗೆ ನೀರು ಇಷ್ಟ. 12 ಕಾರ್ಬನ್‌ಗಳ ಬಾಲಕ್ಕೆ ನೀರು ಕಂಡರಾಗದು.

ನ್ಯಾನೊಟ್ಯೂಬ್‌ಗಳನ್ನು ತಯಾರಿಸಿದಾಗ ಸಣ್ಣವು, ದಪ್ಪವು ಎಲ್ಲ ಬೆರೆತು ಕಂತೆಕಂತೆಯಾಗಿ ಅಂಟಿಕೊಂಡಿರುತ್ತವೆ. ಟ್ರಾನ್ಸಿಸ್ಟರ್ ಮಾಡಲು ಹೊರಟವರಿಗೆ ಇದು ದೊಡ್ಡ ತಲೆನೋವು. 2006ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಆರ್ನಾಲ್ಡ್, ಮಾರ್ಕ್ ಹರ್ಸಾಮ್ ಮತ್ತು ಜೊತೆಗಾರರು ಒಂದು ದಾರಿ ತೋರಿಸಿದರು. ಟ್ಯೂಬ್‌ಗಳಿಗೆ ಬಿಡಿಬಿಡಿಯಾಗಿರಲಿ ಅಂತ ಸೋಡಿಯಂ ಕೋಲೇಟ್ ಎಂಬ ಇನ್ನೊಂದು ಸೋಪು ಹೊದಿಸಿದರು. ಮೇಲಿಂದ ಕೆಳಗೆ ಸಾಂದ್ರತೆ ಹೆಚ್ಚುತ್ತಾ ಹೋಗುವ ದ್ರವದಲ್ಲಿ ಹಾಕಿ ಅತಿ ವೇಗವಾಗಿ ತಿರುಗಿಸಿದರು. ಸಣ್ಣವು ಮೇಲೆ, ದಪ್ಪವು ಕೆಳಗೆ ನಿಂತವು, ಬೇರೆ ಬೇರೆ ಬಣ್ಣದ ಪಟ್ಟಿಗಳಾಗಿ! ಆ ಫೋಟೋ ನೋಡಿಯೇ ನಾನು ಈ ಕೆಲಸಕ್ಕೆ ಬಂದದ್ದು.

ಹಾಗೆ ತಿರುಗಿಸಿದಾಗ ತೂಗುವುದು ಬರೀ ಟ್ಯೂಬನ್ನಲ್ಲ. ಅದರ ಮೈಮೇಲಿನ ಸೋಪು, ಸೋಪು ಹಿಡಿದಿಟ್ಟ ನೀರು, ಎಲ್ಲ ಸೇರಿಸಿ. ಹಾಗಾಗಿ ಸೋಪು ಹೇಗೆ ಹೊದ್ದುಕೊಂಡಿದೆ ಅಂತ ಗೊತ್ತಾಗಲೇಬೇಕು.

ಮೊದಲ ಸಲ ಸೋಪನ್ನು ನಾನೇ ಜೋಡಿಸಿದ್ದೆ. ಬಾಲ ಒಳಗೆ, ತಲೆ ಹೊರಗೆ, ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ. ಸ್ವಲ್ಪ ಹೊತ್ತು ಓಡಿಸಿದೆ, ಹಾಗೇ ನಿಂತಿತ್ತು. ಖುಷಿಯಿಂದ ಮೇಡಂಗೆ ತೋರಿಸಿದೆ. "ನೀನೇ ಜೋಡಿಸಿಟ್ಟದ್ದು ತಾನೇ? ನೀರಲ್ಲಿ ಎರಚಿ ನೋಡು" ಅಂದರು.

ಎರಚಿದೆ. ಅದೇ ನಿನ್ನೆ ಮುಗಿದದ್ದು. ಬ್ರಷ್ ಎಲ್ಲೂ ಇಲ್ಲ. 0.8 ನ್ಯಾನೊಮೀಟರಿನ ಸಣ್ಣ ಟ್ಯೂಬಿನ ಮೇಲೆ ಬಾಲಗಳು ಅದರ ಉದ್ದಕ್ಕೇ ಒರಗಿ ಮಲಗಿವೆ, ಕಡ್ಡಿಗೆ ಅಂಟಿದ ಒದ್ದೆ ಬಾಳೆನಾರಿನ ಹಾಗೆ. ಸುತ್ತಿಕೊಳ್ಳಲು ಹೋದರೆ ತುಂಬಾ ಬಾಗಬೇಕು, ಅದಕ್ಕೇ. 1.6 ನ್ಯಾನೊಮೀಟರಿನ ಟ್ಯೂಬ್ ಇನ್ನೂ ಓಡುತ್ತಿದೆ. ಅಲ್ಲಿ ಬಾಗು ಕಡಿಮೆ. ಈಗಾಗಲೇ ಬಾಲಗಳು ಓರೆಯಾಗಿ, ಅಡ್ಡಡ್ಡವಾಗಿ ಕೂಡ ಮಲಗಿವೆ. ಒಂದೇ ಸೋಪು, ಟ್ಯೂಬಿನ ದಪ್ಪ ಬದಲಾದರೆ ಹೊದಿಕೆಯೇ ಬೇರೆ. ಪರದೆ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ.

ಕೋಲೇಟ್‌ನ ಕಥೆ ಇನ್ನೂ ಚೆಂದ. ಅದು ಪಿತ್ತರಸದ ಲವಣ, ಊಟದ ಕೊಬ್ಬು ಕರಗಿಸಲು ನಮ್ಮ ದೇಹವೇ ಮಾಡಿಕೊಳ್ಳುವ ಸೋಪು. ಅದಕ್ಕೆ ನಾರಿನಂಥ ಬಾಲ ಇಲ್ಲ. ಗಟ್ಟಿ, ಚಪ್ಪಟೆ, ಹೆಂಚಿನ ಹಾಗೆ. ಒಂದು ಮುಖ ಟ್ಯೂಬಿಗೆ, ಇನ್ನೊಂದು ನೀರಿಗೆ.

ಇವತ್ತು ಬೆಳಿಗ್ಗೆ ಕೋಲೇಟ್ ಪೆಟ್ಟಿಗೆಗಳನ್ನು ಶುರು ಮಾಡಿದೆ. ಮೂರು ಪೆಟ್ಟಿಗೆ, ಮೂರರಲ್ಲೂ ಬೇರೆ ಬೇರೆ ಥರ ಎರಚಿದ್ದೇನೆ.